ಐಸಿಯುನಿಂದ ಮನೆಗೆ ಬಂದ ಮೇಲೆ ಚೇತರಿಕೆ ಯಾಕಿಷ್ಟು ನಿಧಾನ?

"ರಿಪೋರ್ಟ್ ಎಲ್ಲಾ ನಾರ್ಮಲ್ ಅಂತಾರೆ. ಮತ್ಯಾಕೆ ಇವರಿಗೆ ಎದ್ದು ನಿಲ್ಲೋಕೂ ಆಗ್ತಿಲ್ಲ?"

ದೊಡ್ಡ ಕಾಯಿಲೆಯಿಂದ ಬದುಕಿ ಬಂದವರ ಮನೆಯಲ್ಲಿ ಈ ಪ್ರಶ್ನೆ ಬರೋಕೆ ಜಾಸ್ತಿ ದಿನ ಬೇಕಿಲ್ಲ. ಜ್ವರ ಇಳಿದಿದೆ. ಎಕ್ಸ್‌ರೇಯಲ್ಲಿ ಎದೆ ತಿಳಿಯಾಗಿದೆ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಬಂದಿದೆ. ಆದರೆ ಲೋಟ ಎತ್ತಿದರೆ ಕೈ ನಡುಗುತ್ತದೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ನಿನ್ನೆ ನೋಡೋಕೆ ಬಂದಿದ್ದವರು ಯಾರು ಅಂತ ಕೇಳಿದರೆ ಹೆಸರು ನೆನಪಾಗುವುದಿಲ್ಲ. ರಾತ್ರಿ ಬೆಚ್ಚಿ ಬೀಳುತ್ತಾರೆ. ಮನೆಗೆ ಬಂದ ನೆಂಟರೆಲ್ಲ ಕೊಡುವ ಸಲಹೆ ಮಾತ್ರ ಒಂದೇ: "ಸುಮ್ನೆ ಮಲಗಿರಲಿ ಬಿಡಿ, ರೆಸ್ಟ್ ತಗೊಂಡ್ರೆ ಸರಿಹೋಗುತ್ತೆ."

ಈ ಸಲಹೆ ಪ್ರೀತಿಯಿಂದಲೇ ಬಂದದ್ದು. ಆದರೂ ಅರ್ಧ ತಪ್ಪು. ಮಲಗಿದ್ದೇ ಈ ಸ್ಥಿತಿಗೆ ಒಂದು ಕಾರಣ. ಕಳೆದುಹೋದ ಒಂದೊಂದು ಶಕ್ತಿಯೂ ವಾಪಸ್ ಬರುವುದು ಅದನ್ನು ಸ್ವಲ್ಪ ಸ್ವಲ್ಪವಾಗಿ ಬಳಸಿದಾಗ. ಕಾಲಿನದು ನಿಂತಾಗ, ಗಂಟಲಿನದು ನುಂಗಿದಾಗ, ನೆನಪಿನದು ಮಾತಾಡಿದಾಗ. ಎಷ್ಟು, ಯಾವಾಗ, ಯಾರ ಕಣ್ಣೆದುರು ಅನ್ನೋದೇ ಪುನಶ್ಚೇತನ ಚಿಕಿತ್ಸೆ, ಅಂದರೆ ಎಲ್ಲರೂ ಹೇಳುವ ರಿಹ್ಯಾಬ್.

ವೈದ್ಯಲೋಕಕ್ಕೂ ಇದು ತಡವಾಗಿಯೇ ಹೊಳೆಯಿತು. ಐಸಿಯು ಹುಟ್ಟಿದ್ದು ಪೋಲಿಯೊದಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯು ಸೋತವರು ಬ್ಲೆಗ್‌ಡ್ಯಾಮ್ ಆಸ್ಪತ್ರೆಗೆ ಸಾಲುಗಟ್ಟಿ ಬಂದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಈ ರೋಗಿಗಳ ಕತ್ತಿನಲ್ಲಿ ರಂಧ್ರ ಮಾಡಿಸಿ ನಳಿಕೆ ಹಾಕಿಸಿದರು. ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ರಬ್ಬರ್ ಚೀಲ ಒತ್ತುತ್ತಾ, ವಾರಗಟ್ಟಲೆ ಕೈಯಿಂದಲೇ ಉಸಿರು ಕೊಟ್ಟರು. ಸುಮಾರು 1,500 ವಿದ್ಯಾರ್ಥಿಗಳು! ಸಾವು ಥಟ್ಟನೆ ಇಳಿಯಿತು. ಮರುವರ್ಷ ಅದೇ ಊರಲ್ಲಿ ಇಬ್ಸೆನ್ ತೀವ್ರ ನಿಗಾ ಘಟಕ ತೆರೆದರು. ಆಮೇಲೆ ದಶಕಗಟ್ಟಲೆ ಐಸಿಯುಗಳು ಮುಖ್ಯವಾಗಿ ಲೆಕ್ಕ ಇಟ್ಟದ್ದು ಎಷ್ಟು ಜನ ಬದುಕಿದರು ಅನ್ನೋದನ್ನು. ಬದುಕಿದವರು ಮನೆಯಲ್ಲಿ ಹೇಗಿದ್ದಾರೆ ಅಂತ ಹೋಗಿ ನೋಡಿದವರು ಕಮ್ಮಿ.

ಹಾಗೆ ನೋಡಿದವರಲ್ಲಿ ಕೆನಡಾದ ಟೊರಾಂಟೊದ ಮಾರ್ಗರೆಟ್ ಹೆರಿಡ್ಜ್ ತಂಡ ಮುಖ್ಯವಾದದ್ದು. ಶ್ವಾಸಕೋಶ ಪೂರ್ತಿ ಕೈಕೊಟ್ಟು ವೆಂಟಿಲೇಟರ್ ಮೇಲಿದ್ದು ಬದುಕಿ ಬಂದ 109 ಜನರನ್ನು ಅವರು ಐದು ವರ್ಷ ಹಿಂಬಾಲಿಸಿದರು. ಹೆಚ್ಚಿನವರು ನಡುವಯಸ್ಸಿನವರು. 2011ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಐದು ವರ್ಷದ ನಂತರ ಅವರ ಶ್ವಾಸಕೋಶ ಬಹುತೇಕ ಸರಿಯಾಗಿತ್ತು. ಆದರೆ ಆರು ನಿಮಿಷದಲ್ಲಿ ಅವರು ನಡೆದ ದೂರ, ಅವರ ವಯಸ್ಸಿನವರು ನಡೆಯಬೇಕಾದ ದೂರದ ಶೇ 76 ಮಾತ್ರ. ಕಾಯಿಲೆ ಬಂದದ್ದು ಎದೆಗೆ, ಹಿಂದೆ ಎಳೆಯುತ್ತಿದ್ದದ್ದು ಕೈಕಾಲು!

2010ರಲ್ಲಿ ಅಮೆರಿಕದ ಕ್ರಿಟಿಕಲ್ ಕೇರ್ ವೈದ್ಯರ ಸಂಘ ಕರೆದ ಸಭೆಯಲ್ಲಿ ಇದಕ್ಕೆ ಒಂದು ಹೆಸರು ಇಡಲಾಯಿತು: ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್. ದೇಹದ ನಿತ್ರಾಣ, ನೆನಪು ಮತ್ತು ಯೋಚನೆಯ ಮಂಕು, ಮನಸ್ಸಿನ ಗಾಯ, ಎಲ್ಲ ಇದರೊಳಗೇ ಬರುತ್ತವೆ. ಮನೆಯವರಿಗೆ ಆಗುವ ಆಘಾತವನ್ನೂ ಇದರಲ್ಲೇ ಸೇರಿಸಿದರು. ನನ್ನ ಪ್ರಕಾರ ಅದು ಆ ಸಭೆ ಮಾಡಿದ ಒಳ್ಳೇ ಕೆಲಸ.

ಸ್ನಾಯು ಎಲ್ಲಿ ಹೋಯ್ತು?

ಲಂಡನ್ನಿನ ಸಂಶೋಧಕರು ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಮತ್ತೆ ಮತ್ತೆ ಅಳೆದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹತ್ತೇ ದಿನದಲ್ಲಿ ಸ್ನಾಯುವಿನ ಅಡ್ಡಗಾತ್ರ ಸರಾಸರಿ ಶೇ 17.7ರಷ್ಟು ಇಳಿದಿತ್ತು. ಒಂದೇ ಅಂಗ ಕೈಕೊಟ್ಟವರಿಗಿಂತ ನಾಲ್ಕಾರು ಅಂಗ ಕೈಕೊಟ್ಟವರಲ್ಲಿ ಇಳಿಕೆ ಇನ್ನೂ ಜಾಸ್ತಿ.

ಬರೀ ಮಲಗಿದ್ದಕ್ಕೆ ಇಷ್ಟು ಬೇಗ ಕರಗುವುದಿಲ್ಲ. ಸೋಂಕು ರಕ್ತಕ್ಕೆ ಇಳಿದಾಗ ಇಡೀ ದೇಹದಲ್ಲಿ ಉರಿಯೂತ ಏಳುತ್ತದೆ. ಆ ಹೋರಾಟಕ್ಕೆ ಬೇಕಾದ ಪ್ರೋಟೀನನ್ನು ದೇಹ ತನ್ನ ಸ್ನಾಯುವಿನಿಂದಲೇ ಒಡೆದು ತೆಗೆಯುತ್ತದೆ. ಬರಗಾಲದಲ್ಲಿ ಬಿತ್ತನೆ ಬೀಜವನ್ನೇ ಕುಟ್ಟಿ ಉಂಡ ಹಾಗೆ. ಜೊತೆಗೆ ಸ್ನಾಯುವಿಗೆ ಆಜ್ಞೆ ಒಯ್ಯುವ ನರಗಳೂ ಏಟು ತಿನ್ನುತ್ತವೆ. ಕೆನಡಾದ ಚಾರ್ಲ್ಸ್ ಬೋಲ್ಟನ್ ಇದನ್ನು 1984ರಲ್ಲೇ ಬರೆದಿದ್ದರು. ವೆಂಟಿಲೇಟರ್ ತೆಗೆಯೋಕೆ ಆಗದ ರೋಗಿಗಳಲ್ಲಿ ತೊಂದರೆ ಶ್ವಾಸಕೋಶದ್ದಲ್ಲ, ಹಾಳಾದ ನರಗಳದ್ದು ಅಂತ ತೋರಿಸಿದ್ದರು.

ವಪೆಗೂ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿಗೂ ಇದೇ ಗತಿ. ಮೆಷಿನ್ ಉಸಿರು ಕೊಡುತ್ತಿರುವಾಗ ಅದಕ್ಕೆ ಕೆಲಸವೇ ಇಲ್ಲ. ಕೆಲಸ ಪೂರ್ತಿ ನಿಂತ 18ರಿಂದ 69 ಗಂಟೆಯೊಳಗೆ ಅದರ ನಾರುಗಳು ಅರ್ಧಕ್ಕಿಂತ ಜಾಸ್ತಿ ಕುಗ್ಗಿದ್ದನ್ನು 2008ರ ಒಂದು ಅಧ್ಯಯನ ತೋರಿಸಿತು. "ವೆಂಟಿಲೇಟರ್ ತೆಗೆಯೋಕೆ ಯಾಕಿಷ್ಟು ದಿನ?" ಅಂತ ಮನೆಯವರು ಡಾಕ್ಟರ ಮೇಲೆ ರೇಗುತ್ತಾರಲ್ವಾ, ಅದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ.

ಎಷ್ಟು ನಿತ್ರಾಣ ಅಂತ ಅಳೆಯೋಕೆ ದೊಡ್ಡ ಮೆಷಿನ್ ಬೇಡ. ಎಚ್ಚರವಾದ ರೋಗಿಗೆ ಭುಜ ಎತ್ತಿ, ಮೊಣಕೈ ಮಡಚಿ, ಮಣಿಕಟ್ಟು ಮೇಲಕ್ಕೆ ಎತ್ತಿ, ತೊಡೆ ಎತ್ತಿ, ಮಂಡಿ ನೀಡಿ, ಪಾದ ಮೇಲಕ್ಕೆ ಎಳೆಯಿರಿ ಅಂತ ಹೇಳುತ್ತಾರೆ. ಆರು ಚಲನೆ, ಎರಡೂ ಪಕ್ಕ, ಒಂದೊಂದಕ್ಕೆ ಐದರವರೆಗೆ ಅಂಕ. ಒಟ್ಟು 60. ಮೊತ್ತ 48ಕ್ಕಿಂತ ಕಮ್ಮಿ ಬಂದರೆ ಅದು ಐಸಿಯುನಿಂದಾದ ನಿತ್ರಾಣ. ಡಿಸ್ಚಾರ್ಜ್ ಹೊತ್ತಲ್ಲಿ ಈ ಅಂಕ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಸುಧಾರಿಸಿದ್ದಾರಾ ಇಲ್ವಾ ಅಂತ ಹೋಲಿಸೋಕೆ ಬೇಕಾಗುತ್ತದೆ.

ಮಂಚದ ಅಂಚಿನಲ್ಲಿ ಎರಡು ನಿಮಿಷ

ರಿಹ್ಯಾಬ್ ಶುರುವಾಗಬೇಕಾದ್ದು ಐಸಿಯುನಲ್ಲೇ, ಕೆಲವೊಮ್ಮೆ ಬಾಯಲ್ಲಿ ಟ್ಯೂಬ್ ಇರುವಾಗಲೇ. ಕೇಳೋಕೆ ಕ್ರೂರ ಅನಿಸುತ್ತದೆ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಒಂದು ತಂಡ ವೆಂಟಿಲೇಟರ್ ಮೇಲಿದ್ದ 104 ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮಂಪರು ಔಷಧಿಯನ್ನು ದಿನಾ ನಿಲ್ಲಿಸಿದಾಗೆಲ್ಲ ಫಿಸಿಯೊಥೆರಪಿ ಮತ್ತು ದಿನನಿತ್ಯದ ಕೆಲಸ ಮಾಡಿಕೊಳ್ಳೋಕೆ ಕಲಿಸುವ ಆಕ್ಯುಪೇಷನಲ್ ಥೆರಪಿ ಕೊಟ್ಟರು. ಇನ್ನೊಂದಕ್ಕೆ ಎಂದಿನ ಆರೈಕೆ. ಆಸ್ಪತ್ರೆ ಬಿಡುವಾಗ ಮೊದಲ ಗುಂಪಿನ ಶೇ 59 ಜನ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದರು, ಎರಡನೆಯದರಲ್ಲಿ ಶೇ 35.

ಹಾಸಿಗೆಯ ಅಂಚಿಗೆ ಕೂರಿಸುವುದು ಸುಲಭ ಅಂತ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅಲ್ಲ. ಮೊದಲು ಬಿಪಿ, ನಾಡಿ, ಆಮ್ಲಜನಕ ನೋಡುತ್ತಾರೆ. ಬಿಪಿ ಎತ್ತುವ ಔಷಧಿ ಜಾಸ್ತಿ ಓಡುತ್ತಿದ್ದರೆ ಅವತ್ತು ಬೇಡ. ಮಂಚದ ತಲೆಭಾಗವನ್ನು ನಿಧಾನ ಎತ್ತಿ ಕೆಲವು ನಿಮಿಷ ಕಾಯುತ್ತಾರೆ. ಒಬ್ಬರ ಕೈ ಉಸಿರಿನ ಟ್ಯೂಬ್ ಮೇಲೆಯೇ ಇರುತ್ತದೆ, ಅವರಿಗೆ ಬೇರೆ ಕೆಲಸ ಇಲ್ಲ. ಮೂತ್ರದ ಚೀಲ, ಡ್ರಿಪ್ ಲೈನು, ಮಾನಿಟರ್ ವೈರು ಎಲ್ಲವನ್ನೂ ಒಂದೇ ಪಕ್ಕಕ್ಕೆ ತರುತ್ತಾರೆ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಬಿಟ್ಟು, ಬೆನ್ನಿಗೆ ಕೈ ಕೊಟ್ಟು ಎತ್ತುತ್ತಾರೆ. ತಲೆ ಎದೆಗೆ ಜೋತುಬೀಳುತ್ತದೆ, ಕುತ್ತಿಗೆಗೆ ಅದನ್ನು ಹೊರುವ ಶಕ್ತಿ ಇಲ್ಲ. ಮಾನಿಟರ್‌ನಲ್ಲಿ ಬಿಪಿ ಇಳಿದು ಮತ್ತೆ ಏರುತ್ತದೆ. ಪಾದದ ಕೆಳಗೆ ಸ್ಟೂಲ್ ಇಡುತ್ತಾರೆ. "ಕಿಟಕಿ ಕಡೆ ನೋಡಿ" ಅಂತಾರೆ. ಎರಡು ನಿಮಿಷ ಆಗುವಷ್ಟರಲ್ಲಿ ಹಣೆಯಲ್ಲಿ ಬೆವರು. ವಾಪಸ್ ಮಲಗಿಸಿದರೆ ಗಂಟೆಗಟ್ಟಲೆ ನಿದ್ದೆ. ಅವತ್ತಿನ ಕೆಲಸ ಅಷ್ಟೇ, ಆದರೆ ಅದು ಸಣ್ಣ ಕೆಲಸ ಅಲ್ಲ.

ಹಾಗಂತ ಜಾಸ್ತಿ ಮಾಡಿದಷ್ಟೂ ಒಳ್ಳೇದು ಅಂದುಕೊಂಡರೆ ಅದೂ ತಪ್ಪು. 750 ರೋಗಿಗಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಎಂದಿನ ವ್ಯಾಯಾಮಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಕಷ್ಟದ ವ್ಯಾಯಾಮ ಮಾಡಿಸಿ ನೋಡಿದರು. ಹೆಚ್ಚಿನ ಲಾಭ ಸಿಗಲಿಲ್ಲ. ಎದೆಬಡಿತ ಏರುಪೇರಾಗೋದು, ಬಿಪಿ ಇಳಿಯೋದು ಇಂಥ ತೊಂದರೆ ಶೇ 9.2 ಜನರಿಗೆ ಆಯಿತು, ಮಾಮೂಲಿ ಗುಂಪಿನಲ್ಲಿ ಶೇ 4.1. ಮಾಮೂಲಿ ಗುಂಪಿನವರನ್ನೂ ಸುಮ್ನೆ ಮಲಗಿಸಿರಲಿಲ್ಲ ಅನ್ನೋದನ್ನು ಮರೆಯಬಾರದು. ಅವರೂ ಎದ್ದು ಕೂತವರೇ. ನಾನು ಇದರಿಂದ ಅರ್ಥ ಮಾಡಿಕೊಂಡಿದ್ದು ಇಷ್ಟು: ಬೇಗ ಶುರುಮಾಡಿ, ಆದರೆ ಮೈಯ ಮಾತು ಕೇಳಿ. ಮನೆಯಲ್ಲಿ ಮಗ ಉತ್ಸಾಹದಿಂದ ಅಪ್ಪನನ್ನು ಮೊದಲ ದಿನವೇ ಮೆಟ್ಟಿಲು ಹತ್ತಿಸುವುದು ಬೇಡ.

ಗಂಟಲನ್ನು ಯಾರೂ ನೋಡುವುದಿಲ್ಲ

ಉಸಿರಿನ ಟ್ಯೂಬ್ ಹೋಗುವುದು ಧ್ವನಿತಂತುಗಳ ನಡುವಿನಿಂದ. ದಿನಗಟ್ಟಲೆ ಅಲ್ಲೇ ಇದ್ದರೆ ಅವು ಊದಿಕೊಳ್ಳುತ್ತವೆ, ನುಂಗುವ ಸ್ನಾಯುಗಳೂ ಸೋಲುತ್ತವೆ. ಟ್ಯೂಬ್ ತೆಗೆದಾಗ ಧ್ವನಿ ಒಡಕಾಗಿರೋದು ಎಲ್ಲರಿಗೂ ಕೇಳಿಸುತ್ತದೆ. ಆದರೆ ನುಂಗಿದ ನೀರು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯೋದು ಕಾಣುವುದಿಲ್ಲ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಯಾಕೆಂದರೆ ಅಲ್ಲಿನ ಸ್ಪರ್ಶವೇ ಮಂದವಾಗಿರುತ್ತದೆ. ಆಮೇಲೆ ಮತ್ತೆ ನ್ಯುಮೋನಿಯಾ, ಮತ್ತೆ ಅಡ್ಮಿಟ್.

ಮನೆಯವರಿಗೆ ಅಚ್ಚರಿ ತರುವ ಸಂಗತಿ ಒಂದಿದೆ. ಇಂಥ ಗಂಟಲಿಗೆ ಅತಿ ಕಷ್ಟ ನೀರು, ಕಾಫಿ, ತಿಳಿಸಾರು, ಗಂಜಿತಿಳಿಯಂಥ ತೆಳು ಪದಾರ್ಥ. ಅವು ಸರ್ರನೆ ಜಾರುತ್ತವೆ, ಗಂಟಲಿನ ಮುಚ್ಚಳ ಮುಚ್ಚಿಕೊಳ್ಳೋಕೆ ಸಮಯ ಕೊಡುವುದಿಲ್ಲ. ಗಟ್ಟಿ ಮೊಸರು, ಮಂದ ರಾಗಿ ಗಂಜಿ ಎಷ್ಟೋ ಜನರಿಗೆ ಸಲೀಸು. ಮುದ್ದೆ ಮಾತ್ರ ಬೇಡ. ಅಗಿಯದೆ ನುಂಗುವ ತುತ್ತು ಅದು, ನುಂಗುವ ಶಕ್ತಿ ಪೂರ್ತಿ ಬಂದ ಮೇಲೆ ಸಾರಿನ ಜೊತೆ ಬೇಕಾದಷ್ಟು ಉಣ್ಣಬಹುದು. ಬೆನ್ನು ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಒಂದು ತುತ್ತು ಪೂರ್ತಿ ಇಳಿದ ಮೇಲೆ ಇನ್ನೊಂದು. ಮಲಗಿಸಿಕೊಂಡು ಬಾಯಿಗೆ ಹಾಲು ಹಾಕುವುದಂತೂ ಖಂಡಿತ ಕೂಡದು. ಊಟದ ನಂತರ ಧ್ವನಿ ಗೊರಗೊರ ಅಂದರೆ ನಿಲ್ಲಿಸಿ, ತೋರಿಸಿ.

ತೋರಿಸಬೇಕಾದ್ದು ಸ್ಪೀಚ್ ಥೆರಪಿಸ್ಟ್‌ಗೆ. ಮಾತು ಕಲಿಸುವವರು ನುಂಗುವುದನ್ನೂ ಕಲಿಸುತ್ತಾರೆ ಅನ್ನೋದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದವರು ರಾಜ್ಯದ ಹಲವು ಊರುಗಳ ಆಸ್ಪತ್ರೆಗಳಲ್ಲಿದ್ದಾರೆ. ಕೇಳಬೇಕಷ್ಟೇ.

ತಲೆಯೊಳಗಿನ ಗೊಂದಲ

ಐಸಿಯುನಲ್ಲಿ ಹಗಲು ರಾತ್ರಿ ಎರಡೂ ಒಂದೇ. ಟ್ಯೂಬ್‌ಲೈಟ್ ಆರುವುದಿಲ್ಲ, ಅಲಾರಂ ನಿಲ್ಲುವುದಿಲ್ಲ. ಸೋಂಕು, ಮಂಪರು ಔಷಧಿ, ನಿದ್ದೆಗೇಡು ಸೇರಿ ಡೆಲಿರಿಯಂ ಅನ್ನುವ ಸನ್ನಿ ಬರುತ್ತದೆ. ಯಾರೋ ಕೊಲ್ಲೋಕೆ ಬಂದಿದ್ದಾರೆ ಅಂತಾರೆ. ಗೋಡೆ ಮೇಲೆ ಹುಳ ಕಾಣುತ್ತದೆ ಅಂತಾರೆ. ಟ್ಯೂಬ್ ಕೀಳೋಕೆ ಹೋಗುತ್ತಾರೆ. ಇನ್ನು ಕೆಲವರು ಯಾವ ಗಲಾಟೆಯೂ ಇಲ್ಲದೆ ಮಂಕಾಗಿ ಮಲಗಿರುತ್ತಾರೆ. ಅದೂ ಡೆಲಿರಿಯಮ್ಮೇ. ಗದ್ದಲ ಇಲ್ಲದ ಕಾರಣ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಬಂದು ಹೋಗುವ ಭ್ರಮೆ ಅಂತ ಮೊದಲು ಅಂದುಕೊಂಡಿದ್ದರು. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ 821 ಜನರ ಅಧ್ಯಯನ ಬೇರೆಯದನ್ನೇ ಹೇಳಿತು. ಮೂರು ತಿಂಗಳ ನಂತರ ಪರೀಕ್ಷಿಸಿದಾಗ ಶೇ 40 ಜನರ ಬುದ್ಧಿಶಕ್ತಿಯ ಅಂಕ ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ಶೇ 26 ಜನರದು ಆರಂಭದ ಅಲ್ಜೈಮರ್ಸ್ ಮಟ್ಟದಲ್ಲಿ. ಡೆಲಿರಿಯಂ ಜಾಸ್ತಿ ದಿನ ಇದ್ದವರ ಅಂಕ ಇನ್ನೂ ಕೆಳಗೆ. ವಯಸ್ಸಾದವರಷ್ಟೇ ಅಲ್ಲ, ಚಿಕ್ಕವರೂ ಇದ್ದರು.

ಇದನ್ನು ತಡೆಯೋಕೆ ಮನೆಯವರು ಮಾಡಬಹುದಾದ್ದು ತುಂಬಾ ಇದೆ, ಖರ್ಚೂ ಇಲ್ಲ. ಕನ್ನಡಕ, ಕಿವಿ ಮೆಷಿನ್ ತಂದುಕೊಡಿ. ಇವತ್ತು ಯಾವ ವಾರ, ಈಗ ಬೆಳಗ್ಗೆಯೋ ಸಂಜೆಯೋ, ನೀವು ಎಲ್ಲಿದ್ದೀರಿ ಅಂತ ಪ್ರತಿ ಭೇಟಿಯಲ್ಲೂ ಹೇಳಿ. ಭಾಷೆಯ ವಿಷಯವೂ ಇದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಎಷ್ಟೋ ನರ್ಸ್‌ಗಳು ಬೇರೆ ರಾಜ್ಯದಿಂದ ಬಂದವರು. ಪಾಪ, ಅವರು ಕಲಿತ ನಾಲ್ಕು ಕನ್ನಡ ಮಾತಲ್ಲೇ ಸುಧಾರಿಸುತ್ತಾರೆ. ಆದರೆ ಮಂಪರಿನಲ್ಲಿರುವ ಅಜ್ಜಿಗೆ ಗೊತ್ತಿರುವುದು ತುಳುವೋ ಉತ್ತರ ಕರ್ನಾಟಕದ ಕನ್ನಡವೋ. ನೀರು, ನೋವು, ಚಳಿ, ಮಗ್ಗುಲು ಬದಲಿಸಿ ಅಂತ ಚಿತ್ರ ಬರೆದ ಒಂದು ರಟ್ಟಿನ ಹಾಳೆ ಮಂಚದ ಪಕ್ಕ ಇದ್ದರೆ ಟ್ಯೂಬ್ ಹಾಕಿಕೊಂಡವರೂ ಬೆರಳು ತೋರಿಸಿ ಹೇಳಬಹುದು.

ಸ್ಕ್ಯಾಂಡಿನೇವಿಯಾ ದೇಶಗಳ ನರ್ಸ್‌ಗಳು ಬಳಕೆಗೆ ತಂದ ಇನ್ನೊಂದು ಉಪಾಯ ಐಸಿಯು ಡೈರಿ. ರೋಗಿಗೆ ಪ್ರಜ್ಞೆ ಇಲ್ಲದ ದಿನಗಳಲ್ಲಿ ನರ್ಸ್ ಅಥವಾ ಮನೆಯವರು ದಿನಕ್ಕೆ ನಾಲ್ಕು ಸಾಲು ಬರೆದಿಡುತ್ತಾರೆ. "ಇವತ್ತು ಮಂಗಳವಾರ. ಹೊರಗೆ ಮಳೆ. ನಿಮಗೆ ಇನ್ನೂ ಎಚ್ಚರ ಬಂದಿಲ್ಲ. ಬೆಳಗ್ಗೆ ಗಡ್ಡ ತೆಗೆದರು. ಕಫ ಎಳೆಯುವಾಗ ನೀವು ನನ್ನ ಕೈ ಗಟ್ಟಿಯಾಗಿ ಹಿಡಿದಿರಿ." ಆಮೇಲೆ ಇದನ್ನು ಓದಿದಾಗ "ಯಾರೋ ಕುತ್ತಿಗೆ ಹಿಚುಕುತ್ತಿದ್ದರು" ಅನ್ನುವ ಭಯಾನಕ ನೆನಪಿನ ಹಿಂದೆ ಏನಿತ್ತು ಅಂತ ತಿಳಿಯುತ್ತದೆ. ಯುರೋಪಿನ ಆರು ದೇಶಗಳಲ್ಲಿ 352 ಜನರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಘಾತದ ನಂತರದ ಮಾನಸಿಕ ತೊಂದರೆ ಡೈರಿ ಸಿಕ್ಕವರಲ್ಲಿ ಶೇ 5, ಸಿಗದವರಲ್ಲಿ ಶೇ 13. ನೂರು ಪುಟದ ನೋಟ್‌ಬುಕ್‌ಗೆ ಎಷ್ಟು ಖರ್ಚು?

ಮಕ್ಕಳಾದರೆ

ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ ಅನ್ನೋ ಮಾತು ಮೈಗೆ ಬಹುಪಾಲು ನಿಜ. ಆದರೆ ಮಗು ಬೆಳೆಯುತ್ತಿರುವಾಗ ಕಾಯಿಲೆ ಬಿದ್ದಿದೆ ಅನ್ನೋದು ಮುಖ್ಯ. ಹಳೇ ಜಾಗಕ್ಕೆ ವಾಪಸ್ ಬಂದರೆ ಸಾಲದು, ಈ ವಾರಗಳಲ್ಲಿ ಕಲಿಯಬೇಕಿದ್ದನ್ನೂ ಕಲಿಯಬೇಕು. ಡೆಂಗಿ ಶಾಕ್‌ನಿಂದಲೋ ನ್ಯುಮೋನಿಯಾದಿಂದಲೋ ಮಕ್ಕಳ ಐಸಿಯು ಸೇರಿ ಬಂದ ಐದು ವರ್ಷದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಬೆರಳು ಚೀಪಬಹುದು, ಅಮ್ಮ ಬಚ್ಚಲಿಗೆ ಹೋದರೂ ಅಳಬಹುದು. ಬಿಳಿ ಕೋಟು ಕಂಡರೆ ಕಿರುಚಬಹುದು. ಹಟ ಅಂತ ಗದರಬೇಡಿ. ತನಗೆ ಏನಾಯಿತು ಅಂತ ಹೇಳೋಕೆ ಅವಳ ಹತ್ತಿರ ಮಾತಿಲ್ಲ. ಗೊಂಬೆಗೆ ಇಂಜೆಕ್ಷನ್ ಚುಚ್ಚುವ ಆಟ ಆಡಿದರೆ ಆಡಲಿ ಬಿಡಿ, ಅದರಲ್ಲೇ ಹೇಳುತ್ತಿದ್ದಾಳೆ.

ಮಕ್ಕಳಿಗೆ ಆಟವೇ ಫಿಸಿಯೊಥೆರಪಿ. ಸೋಪಿನ ಗುಳ್ಳೆ ಊದಿದರೆ ಉಸಿರಿನ ವ್ಯಾಯಾಮ. ಮಲಗಿದಲ್ಲೇ ಚೆಂಡು ಒದ್ದರೆ ತೊಡೆಗೆ ಕೆಲಸ. ಅಳಗುಳಿಮನೆಯಲ್ಲಿ ಹುಣಸೆ ಬೀಜ ಒಂದೊಂದೇ ಎತ್ತಿ ಹಾಕಿದರೆ ಬೆರಳಿನ ಹಿಡಿತ, ಎಣಿಕೆ, ಗಮನ ಮೂರೂ ಬಂತು. ಮೂರು ವರ್ಷದೊಳಗಿನವರಿಗೆ ಮಾತ್ರ ಬೀಜ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ. ಶಾಲೆಗೆ ಮೊದಲು ಅರ್ಧ ದಿನ ಕಳಿಸಿ, ಟೀಚರ್‌ಗೆ ಮೊದಲೇ ವಿಷಯ ತಿಳಿಸಿ. ಮನೆಯಲ್ಲಿ ಉಳಿದ ಇನ್ನೊಂದು ಮಗುವನ್ನೂ ಮಾತಾಡಿಸಿ. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲೇ ಇದ್ದ ದಿನಗಳನ್ನು ಅದು ಒಂಟಿಯಾಗಿ ಕಳೆದಿದೆ.

ಹದಿಹರೆಯದವರ ಕಷ್ಟ ಬೇರೆ. ಕತ್ತಿನ ಕಲೆ, ಉದುರಿದ ಕೂದಲು, ತಪ್ಪಿದ ಎಸ್ಸೆಸ್ಸೆಲ್ಸಿ ಪರೀಕ್ಷೆ. ಕೂದಲು ಉದುರೋದು ದೊಡ್ಡ ಕಾಯಿಲೆ ಆದ ಎರಡು ಮೂರು ತಿಂಗಳಿಗೆ ಯಾರಿಗಾದರೂ ಆಗುವಂಥದ್ದು, ಮತ್ತೆ ಬೆಳೆಯುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಎಷ್ಟೋ ಅಳು ತಪ್ಪುತ್ತದೆ.

ದಿನ ತುಂಬದೆ ಹುಟ್ಟಿ ನವಜಾತ ಶಿಶುಗಳ ಐಸಿಯುನಲ್ಲಿದ್ದ ಕೂಸುಗಳಿಗೆ ಕುತ್ತಿಗೆ ನಿಲ್ಲುವುದು, ಮಗುಚುವುದು, ಕಣ್ಣು, ಕಿವಿ ಎಲ್ಲದರ ಮೇಲೂ ಕಣ್ಣಿಡಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಂಟು. ಅದರಡಿಯಲ್ಲಿ ಬೆಳವಣಿಗೆಯ ತೊಂದರೆಗಳಿಗೆ ಜಿಲ್ಲಾ ಮಟ್ಟದಲ್ಲಿ ಆರಂಭಿಕ ಮಧ್ಯಸ್ಥಿಕೆ ಕೇಂದ್ರಗಳಿವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ವಯಸ್ಸಾದವರು, ದುಡಿಯುವ ವಯಸ್ಸಿನವರು

ವಯಸ್ಸಾದವರ ಮೈಯಲ್ಲಿ ಉಳಿತಾಯ ಕಮ್ಮಿ. ಕಾಯಿಲೆಗೆ ಮೊದಲು ಹೇಗಿದ್ದರು ಅನ್ನೋದೇ ಆಮೇಲೆ ಎಷ್ಟರಮಟ್ಟಿಗೆ ಎದ್ದು ಬರುತ್ತಾರೆ ಅನ್ನೋದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. 75 ವರ್ಷದ ತೋಟ ಸುತ್ತುವ ಅಜ್ಜನೂ, 65ಕ್ಕೇ ಹಾಸಿಗೆ ಹಿಡಿದಿದ್ದವರೂ ಒಂದೇ ಅಲ್ಲ. 2010ರ ಅಮೆರಿಕದ ಅಧ್ಯಯನವೊಂದು, ರಕ್ತಕ್ಕೆ ಸೋಂಕು ಇಳಿದು ಬದುಕಿದ ಹಿರಿಯರಲ್ಲಿ ನೆನಪು, ಯೋಚನೆಯ ಮಧ್ಯಮದಿಂದ ಗಂಭೀರ ತೊಂದರೆ ಇದ್ದವರು ಕಾಯಿಲೆಗೆ ಮೊದಲು ಶೇ 6.1 ಇದ್ದದ್ದು ಆಮೇಲೆ ಶೇ 16.7 ಆಯಿತು ಅಂತ ಕಂಡಿತು.

ಹಿರಿಯರ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ವಿಷಯ ಹುಡುಕಿ ನೋಡಿ. ಐಸಿಯು ಗಲಾಟೆ ತಡೆಯೋಕೆ ಶುರುಮಾಡಿದ ನಿದ್ದೆ ಮಾತ್ರೆ, ಮನಸ್ಸು ತಣಿಸುವ ಮಾತ್ರೆ ಎಷ್ಟೋ ಸಲ ಯಾರೂ ಗಮನಿಸದೆ ಮನೆಗೂ ಬಂದುಬಿಡುತ್ತವೆ. ಹಗಲಿಡೀ ತೂಕಡಿಕೆ, ರಾತ್ರಿ ಎದ್ದರೆ ಬೀಳುವುದು. ನೀವಾಗಿ ನಿಲ್ಲಿಸಬೇಡಿ, "ಇದು ಇನ್ನೂ ಬೇಕಾ?" ಅಂತ ಡಾಕ್ಟರನ್ನು ಕೇಳಿ. ಗುರಿಯನ್ನು ಅವರ ಬಾಯಿಂದಲೇ ಹೇಳಿಸಿ. ಆರು ನಿಮಿಷದಲ್ಲಿ ಎಷ್ಟು ಮೀಟರ್ ಅನ್ನೋದು ಅಜ್ಜಿಗೆ ಬೇಕಿಲ್ಲ. ತಾನೇ ಸ್ನಾನ ಮಾಡಬೇಕು, ಬೀದಿ ಕೊನೆಯ ಗಣಪತಿ ಗುಡಿಗೆ ನಡೆದು ಹೋಗಬೇಕು, ಅಷ್ಟೇ. ಫಿಸಿಯೊ ಅದನ್ನೇ ತುಂಡು ಮಾಡಿ ಕಲಿಸಬಹುದು.

ದುಡಿಯುವ ವಯಸ್ಸಿನವರಲ್ಲಿ ನಮ್ಮ ಹಳ್ಳಿಗಳಿಂದ ಬರುವ ಒಂದು ಪ್ರಕರಣ ನೋಡಿ: ಕೀಟನಾಶಕ ವಿಷ. ಆರ್ಗನೊಫಾಸ್ಫೇಟ್ ಅನ್ನುವ ಬಗೆಯ ಕೀಟನಾಶಕ ಒಳಗೆ ಹೋದ ಕೆಲವರಲ್ಲಿ, ಮೊದಲ ಅಪಾಯ ಕಳೆದು ಎಲ್ಲ ಸರಿಯಾಯ್ತು ಅನ್ನುವ ಹೊತ್ತಿಗೆ, 24ರಿಂದ 96 ಗಂಟೆಯೊಳಗೆ ಎರಡನೇ ಪೆಟ್ಟು ಬೀಳುತ್ತದೆ. ದಿಂಬಿನಿಂದ ತಲೆ ಎತ್ತಿ ಅಂದರೆ ಆಗುವುದಿಲ್ಲ. ಆಮೇಲೆ ಉಸಿರಾಟದ ಸ್ನಾಯು ಸೋಲುತ್ತದೆ. 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ಬೇರೆಯದೇ ಸ್ಥಿತಿ ಅಂತ ಗುರುತಿಸಿದರು. ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ವೆಂಟಿಲೇಟರ್ ಬೇಕಾಗುತ್ತದೆ. ಇಂಥವರಿಗೆ ಎದೆಯ ಕಫ ತೆಗೆಯುವ ಫಿಸಿಯೊ, ಕುತ್ತಿಗೆ ಮತ್ತು ತೊಡೆಯ ಬಲ, ಕೆಲವು ವಾರದ ನಂತರ ಪಾದ ಜೋತುಬೀಳುತ್ತಿದೆಯಾ ಅಂತ ಪರೀಕ್ಷೆ, ಎಲ್ಲ ಬೇಕು. ವಿಷ ತಾನೇ ಕುಡಿದದ್ದಾಗಿದ್ದರೆ ಮನೋವೈದ್ಯರ ಭೇಟಿಯೂ ಅಷ್ಟೇ ಮುಖ್ಯ. ಅದಿಲ್ಲದೆ ಮನೆಗೆ ಕಳಿಸಿದರೆ ಚಿಕಿತ್ಸೆ ಅರ್ಧಕ್ಕೇ ನಿಂತ ಹಾಗೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರೋಗಿಯಷ್ಟೇ ಅಲ್ಲ, ಮನೆಯವರೂ ಮಾಡಬಹುದು.

ಕೆಲಸದ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2020ರ ಹೊತ್ತಿಗೆ ಬಂದ ಲೆಕ್ಕದ ಪ್ರಕಾರ, ಐಸಿಯುಗೆ ಹೋಗುವ ಮೊದಲು ದುಡಿಯುತ್ತಿದ್ದವರಲ್ಲಿ ಮೂರು ತಿಂಗಳಾದರೂ ಮೂರರಲ್ಲಿ ಇಬ್ಬರು ಕೆಲಸಕ್ಕೆ ಮರಳಿರಲಿಲ್ಲ. ಒಂದು ವರ್ಷಕ್ಕೂ ಐವರಲ್ಲಿ ಇಬ್ಬರು ಮನೆಯಲ್ಲೇ. ಹಾಗಾಗಿ "ಇನ್ನೂ ಎಷ್ಟು ದಿನ?" ಅಂತ ಮೇಲಧಿಕಾರಿ ಕೇಳಿದರೆ ವಾರಗಳಲ್ಲಿ ಹೇಳಬೇಡಿ, ತಿಂಗಳುಗಳಲ್ಲಿ ಹೇಳಿ.

ಮನೆಯಲ್ಲಿ ಏನು ಮಾಡೋದು

ಮೊದಲು ಶೌಚಾಲಯ ನೋಡಿ. ನಮ್ಮ ಮನೆಗಳಲ್ಲಿ ನೆಲದ ಮೇಲೆ ಕೂರುವ ಶೌಚಾಲಯ ಇನ್ನೂ ಇದೆ. ಕುಕ್ಕರಗಾಲಲ್ಲಿ ಕೂತು ಏಳೋಕೆ ಬೇಕಾದ್ದು ಅದೇ ತೊಡೆಯ ಸ್ನಾಯು, ಕರಗಿ ಹೋದದ್ದು. ಮೇಲಿಡುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಯಲ್ಲಿ ಬಾಡಿಗೆಗೂ ಸಿಗುತ್ತದೆ. ಗೋಡೆಗೆ ಒಂದು ಹಿಡಿಕೆ, ಕಾಲಿಗೆ ಜಾರದ ಚಪ್ಪಲಿ, ಹೊಸ್ತಿಲ ಹತ್ತಿರ ರಾತ್ರಿ ಒಂದು ಲೈಟು.

ಊಟದ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಕಾಯಿಲೆಯವರಿಗೆ ತಿಂಗಳುಗಟ್ಟಲೆ ಅಕ್ಕಿ ಗಂಜಿ, ಎಳನೀರು, ಬ್ರೆಡ್ಡು! ಸ್ನಾಯು ಕಟ್ಟೋಕೆ ಬೇಕಾದ್ದು ಪ್ರೋಟೀನು. ಚೇತರಿಕೆಯ ದಿನಗಳಲ್ಲಿ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಬೇಕು ಅಂತ ಲೆಕ್ಕ. 60 ಕೆಜಿ ಇರುವವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಲ್ಲಿ ಸುಮಾರು ಅಷ್ಟೇ. ಅಂದರೆ ಮೂರು ಹೊತ್ತೂ ಗಟ್ಟಿ ಬೇಳೆ, ಮೊಳಕೆ ಕಾಳಿನ ಸಾರು, ಮೊಸರು, ಮೊಟ್ಟೆ, ತಿನ್ನುವವರಾದರೆ ಮೀನು ಕೋಳಿ ಇದ್ದೇ ಇರಬೇಕು. ಹೊಟ್ಟೆ ಬೇಗ ತುಂಬಿದ ಹಾಗಾಗುತ್ತದೆ, ಅದಕ್ಕೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನೋ ಡಯಟೀಷಿಯನ್ನನ್ನೋ ಕೇಳಿಯೇ ಶುರುಮಾಡಬೇಕು.

ವ್ಯಾಯಾಮಕ್ಕೆ ಒಂದು ಗಟ್ಟಿ ಕುರ್ಚಿ ಸಾಕು. ಕೈ ಊರದೆ ಎದ್ದು ಕೂರುವುದು, ಮೊದಲು ಎರಡು ಸಲ, ಸಲೀಸಾದಾಗ ಇನ್ನೊಂದು. ಮಾಡುವಾಗ ಪೂರ್ತಿ ವಾಕ್ಯ ಮಾತಾಡೋಕೆ ಆಗುತ್ತಿರಬೇಕು, ಆಗದಿದ್ದರೆ ಜಾಸ್ತಿಯಾಯ್ತು ಅಂತ ಅರ್ಥ. ಮಾರನೇ ದಿನ ಹಾಸಿಗೆಯಿಂದ ಏಳೋಕಾಗದಷ್ಟು ಸುಸ್ತಾದರೂ ಹಾಗೆಯೇ. ಆಸ್ಪತ್ರೆಯವರು ಕೊಟ್ಟು ಕಳಿಸುವ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಇದೆಯಲ್ಲ, ಅದನ್ನು ಎಷ್ಟೋ ಜನ ಊದುತ್ತಾರೆ. ಅದು ಊದುವುದಲ್ಲ, ನಿಧಾನ ಒಳಗೆ ಎಳೆಯುವುದು. ಮೂರೂ ಚೆಂಡು ಟಕ್ ಅಂತ ಹಾರಿಸಿದರೆ ಬಹುಮಾನ ಇಲ್ಲ. ಒಂದೋ ಎರಡೋ ಚೆಂಡನ್ನು ಎಷ್ಟು ಹೊತ್ತು ಮೇಲೆ ಹಿಡಿದಿರಿ ಅನ್ನೋದು ಮುಖ್ಯ.

ನೋಡಿಕೊಳ್ಳುವವರನ್ನು ಯಾರು ನೋಡಿಕೊಳ್ಳುತ್ತಾರೆ? ಸಾಮಾನ್ಯವಾಗಿ ಹೆಂಡತಿ, ಮಗಳು ಅಥವಾ ಸೊಸೆ. ತಿಂಗಳು ಐಸಿಯು ಬಾಗಿಲಲ್ಲಿ ಕೂತವರು, ಈಗ ರಾತ್ರಿ ನಾಲ್ಕು ಸಲ ಏಳುವವರು. ರಿಂಗ್ ಆದ ಫೋನಿಗೆ ಬೆಚ್ಚುವುದು, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು, ಇದೂ ಕಾಯಿಲೆಯ ಭಾಗವೇ. ಪಾಳಿ ಹಾಕಿಕೊಳ್ಳಿ. ಅಣ್ಣ ತಮ್ಮಂದಿರು ದುಡ್ಡು ಕಳಿಸಿದರೆ ಮುಗೀತು ಅಂದುಕೊಳ್ಳಬಾರದು.

ದುಡ್ಡಿನ ಮಾತು ಬಂದಾಗ ಒಂದು ಕೊರತೆ ಹೇಳಲೇಬೇಕು. ನಮ್ಮ ಯೋಜನೆಗಳು, ವಿಮೆಗಳು ಆಸ್ಪತ್ರೆಯ ಮಂಚಕ್ಕೆ ಕಟ್ಟಿಕೊಂಡಿವೆ. ಆಯುಷ್ಮಾನ್ ಭಾರತ್‌ನ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರದ ಖರ್ಚು ಸೇರುವುದು 15 ದಿನದ ಮಟ್ಟಿಗೆ. ಖಾಸಗಿ ವಿಮೆಗಳಲ್ಲಿ ಸಾಮಾನ್ಯವಾಗಿ 60 ಅಥವಾ 90 ದಿನ. ಚೇತರಿಕೆಗೆ ಬೇಕಾದ್ದು ಎಷ್ಟೋ ಜನರಿಗೆ ಒಂದು ವರ್ಷ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಐಸಿಯುನಿಂದ ಹೋದವರನ್ನು ಕುಟುಂಬದ ಸಮೇತ ವಾರಕ್ಕೊಮ್ಮೆಯಂತೆ ಐದು ವಾರ ಕರೆಸುತ್ತಾರೆ. ಡಾಕ್ಟರ್, ನರ್ಸ್, ಫಿಸಿಯೊ, ಔಷಧ ತಜ್ಞ, ಮನಶ್ಶಾಸ್ತ್ರಜ್ಞ ಎಲ್ಲ ಒಂದೇ ಕಡೆ ಸಿಗುತ್ತಾರೆ. ಮೊದಲು ಇದೇ ಕಷ್ಟ ದಾಟಿದ ಹಳೇ ರೋಗಿಗಳೂ ಬಂದು ಕೂರುತ್ತಾರೆ. ನಮ್ಮಲ್ಲಿ ಎದೆಗೊಬ್ಬರು, ಕಿಡ್ನಿಗೊಬ್ಬರು, ನರಕ್ಕೊಬ್ಬರು. ನಿಮ್ಹಾನ್ಸ್‌ನಲ್ಲಿ ನರರೋಗಗಳಿಗೆ ಅಂತಲೇ ಪುನಶ್ಚೇತನ ವಿಭಾಗ ಇದೆ, ನರಗಳು ಸೋತು ಕೈಕಾಲಿನ ಬಲ ಹೋಗುವ ಗಿಲಿಯನ್ ಬಾರಿಯಂಥ ಕಾಯಿಲೆಯವರಿಗೆ ಅದು ದೊಡ್ಡ ಆಸರೆ. ಸೆಪ್ಸಿಸ್, ಅಂದರೆ ರಕ್ತಕ್ಕೆ ಸೋಂಕು ಇಳಿದು ಬದುಕಿ ಬಂದವರು ಯಾವ ಬಾಗಿಲು ತಟ್ಟಬೇಕು?

ಅಲ್ಲಿಯವರೆಗೆ ಮನೆಯವರೇ ಆ ಕೊಂಡಿ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿಗೆ ಓಡುವ ಮೊದಲು ಹತ್ತು ನಿಮಿಷ ಕೇಳಿ ಬರೆದುಕೊಳ್ಳಿ: ಎಷ್ಟು ದಿನ ವೆಂಟಿಲೇಟರ್ ಮೇಲಿದ್ದರು? ಡೆಲಿರಿಯಂ ಬಂದಿತ್ತಾ? ಸ್ನಾಯುಬಲದ ಅಂಕ ಎಷ್ಟು? ನುಂಗುವುದನ್ನು ಯಾರಾದರೂ ಪರೀಕ್ಷಿಸಿದರಾ? ಯಾವ ಮಾತ್ರೆ ಯಾವತ್ತು ನಿಲ್ಲಿಸಬೇಕು? ಫಿಸಿಯೊ ಮನೆಗೆ ಬರುತ್ತಾರಾ, ನಾವೇ ಬರಬೇಕಾ? ಮತ್ತೆ ಜ್ವರ, ಏದುಸಿರು, ಒಂದೇ ಕಾಲಿನಲ್ಲಿ ಊತ, ಇದ್ದಕ್ಕಿದ್ದಂತೆ ಗೊಂದಲ ಕಂಡರೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು? ಆ ಚೀಟಿಯ ಒಂದು ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಊರಿನ ಡಾಕ್ಟರಿಗೂ ಕಳಿಸಿ.